ಡೇನರ ಕಡೆಯ ದನಿ

ಧಾರಾವಾಹಿಯ ಐದನೆಯ ಸೀಸನ್ನು ಶುರುವಾಗುವ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಹೊಸ್ತಿಲ ಮೇಲೆ ಎರಡೇ ಚೀಟಿ ಬಿದ್ದಿದ್ದವು. ಮನೆಯಲ್ಲಿದ್ದವರು ಮೂವರು. ಅವ್ವನ ಹೆಸರಿನ ಚೀಟಿಯಲ್ಲಿ ಸ್ಯಾಕ್ಸನ್ ಎಂದು ಬರೆದಿತ್ತು. ನನ್ನ ಹೆಂಡತಿ ಜಲಜಾಕ್ಷಿಯ ಹೆಸರಿನದರಲ್ಲಿ ಡೇನ್ ಎಂದಿತ್ತು. ನನ್ನದು ಇರಲಿಲ್ಲ. ಗಾಳಿಗೆ ಹಾರಿರಬೇಕೆಂದು ಚರಂಡಿ ನೋಡಿದೆ, ಚಪ್ಪಲಿಗಳನ್ನು ಒದರಿದೆ, ಪಕ್ಕದ ಮನೆಯವರ ಹೊಸ್ತಿಲನ್ನೂ ಬಗ್ಗಿ ನೋಡಿ ಅವರಿಂದ ಬೈಸಿಕೊಂಡೆ. ಜಲಜಾಕ್ಷಿ ರಂಗೋಲಿ ಬಟ್ಟಲು ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದಳು. ನಮ್ಮ ಮದುವೆಯಾಗಿ ಇಪ್ಪತ್ತೇಳು ವರ್ಷ. ಹಿಂದಿನ ನಾಲ್ಕು ಸೀಸನ್ನುಗಳಲ್ಲಿಯೂ ನಾವು ಮೂವರೂ ಸ್ಯಾಕ್ಸನ್ನರೇ ಆಗಿದ್ದೆವು.

ಧಾರಾವಾಹಿ ಸಾವಿರ ವರ್ಷದ ಹಿಂದಿನ ಯಾವುದೋ ದ್ವೀಪದ್ದು. ಅಲ್ಲಿ ಉತ್ತು ಬಿತ್ತು ಬದುಕುತ್ತಿದ್ದ ಸ್ಯಾಕ್ಸನ್ನರ ಮೇಲೆ ಸಮುದ್ರದಾಚೆಯಿಂದ ಡೇನರು ಉದ್ದನೆಯ ದೋಣಿಗಳಲ್ಲಿ ಬಂದು ಬೀಳುತ್ತಾರೆ. ವರ್ಷಕ್ಕೊಂದು ಸೀಸನ್ನು, ಸೀಸನ್ನಿಗೆ ಹತ್ತು ಭಾನುವಾರ. ಆ ಹತ್ತು ವಾರ ನಮ್ಮ ಊರಿನಲ್ಲಿ ಸ್ಯಾಕ್ಸನ್ ಚೀಟಿ ಬಂದವರು ನಾಲೆಯ ಪಡುವಣ ದಂಡೆಯಲ್ಲಿ ತಮ್ಮ ತಮ್ಮ ಮನೆಗಳಲ್ಲೇ ಇರುತ್ತಾರೆ. ಡೇನ್ ಚೀಟಿ ಬಂದವರು ಮೂಡಣ ದಂಡೆಯ ಹಳೆಯ ಬೆಲ್ಲದ ಗೋದಾಮುಗಳಿಗೆ ಹೋಗಿ ಒಟ್ಟಿಗೆ ಉಂಡು ಒಟ್ಟಿಗೆ ಮಲಗುತ್ತಾರೆ. ಕೊನೆಯ ಕಂತು ಮುಗಿದ ಸೋಮವಾರ ಎಲ್ಲರೂ ಮನೆಗೆ ಬರುತ್ತಾರೆ. ಅದಕ್ಕೆ ಮುಂಚೆ ಸೇತುವೆ ದಾಟಿದವರು ಆಚೆಯವರಿಗೆ ಒತ್ತೆಯಾಳು. ಚೀಟಿ ಯಾರು ಹಾಕುತ್ತಾರೆ ಎಂದು ಮೊದಲ ವರ್ಷ ಒಂದಿಬ್ಬರು ಕೇಳಿದ್ದರು. ಆಮೇಲೆ ಯಾರೂ ಕೇಳಲಿಲ್ಲ.

ಜಲಜಾಕ್ಷಿ ಮಧ್ಯಾಹ್ನದೊಳಗೆ ಎರಡು ಸೀರೆ, ಒಂದು ಚೊಂಬು, ಒಂದು ಚಾಪೆ ಸುತ್ತಿಟ್ಟುಕೊಂಡಳು. ಹೊರಡುವಾಗ ಅವ್ವನ ಮುಂದೆ ನಿಂತು, ನೆಲ ನೋಡುತ್ತ, ಎಂದಿನ ಹಾಗೆ ಮೆತ್ತಗೆ, "ಹೋಗ್ಬರ್ತೀನಿ ಅತ್ತೆ, ಮಾತ್ರೆ ಡಬ್ಬಿ ಗೂಡಲ್ಲಿಟ್ಟಿದೀನಿ" ಎಂದಳು. ಅವ್ವ ಗೋಡೆಯ ಕಡೆ ಮುಖ ಮಾಡಿ ಎಲೆ ಅಡಿಕೆ ಮೆಲ್ಲುತ್ತಿದ್ದಳು. ಜಲಜಾಕ್ಷಿ ಮೆಟ್ಟಿಲಿಳಿದು ಹೋದ ಮೇಲೆ, "ನೋಡ್ದೇನೋ ಕೇಶವ, ಹತ್ತು ವಾರಕ್ಕೆ ಹೊರಟವಳು, ನನಗೊಂದು ಮಾತು ಹೇಳಿ ಹೋಗಬಾರದಾ? ಅಷ್ಟೊಂದು ಜಂಬ" ಎಂದಳು. ಹೇಳಿದಳಲ್ಲ ಅವ್ವ, ಎನ್ನಬೇಕಿತ್ತು. ಅತ್ತೆ ಸೊಸೆಯರ ನಡುವೆ ಬಾಯಿ ಹಾಕಬಾರದೆಂಬುದು ನಾನು ಮದುವೆಯಾದ ಮೊದಲನೆಯ ತಿಂಗಳಿನಲ್ಲೇ ಮಾಡಿಕೊಂಡಿದ್ದ ತೀರ್ಮಾನ.

ನಾನು ಆ ನಾಲೆಯ ನೀರುಗಂಟಿ. ಸೇತುವೆಯ ಪಕ್ಕದ ತೂಬಿನ ಬಾಗಿಲನ್ನು ಬೆಳಿಗ್ಗೆ ಎತ್ತಿ ಸಂಜೆ ಇಳಿಸುವುದು, ಎರಡೂ ದಂಡೆಯ ತೊಟ್ಟಿಗಳಿಗೆ ನೀರು ಬಿಡುವುದು, ನಲ್ಲಿ ಕೆಟ್ಟರೆ ನೋಡುವುದು ನನ್ನ ಕೆಲಸ. ಚೀಟಿ ಬಾರದವನನ್ನು ಏನು ಮಾಡುವುದೆಂದು ತೀರ್ಮಾನಿಸಲು ಅಂದು ಸಂಜೆ ಮರಿಸ್ವಾಮಪ್ಪನವರು ಬಂದರು. ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು, ಎರಡು ಸೀಸನ್ನಿನಿಂದ ಸ್ಯಾಕ್ಸನ್ನರ ದೊರೆ. ಧಾರಾವಾಹಿಗೆ ಕನ್ನಡದಲ್ಲಿ ಮಾತು ಕೂಡಿಸಿದವರು ಸ್ಯಾಕ್ಸನ್ನರ ಬಾಯಲ್ಲಿ ಹಳೆಯ ನಾಟಕದ ಭಾಷೆ ಇಟ್ಟಿದ್ದರಿಂದ ದೊರೆಯಾದವನು ಹಾಗೇ ಮಾತಾಡಬೇಕು.

"ಎಲೈ ಕೇಶವನೇ, ನೀನು ಯಾವ ಪಕ್ಷದವನೆಂಬುದನ್ನು ಈ ಸಭೆಗೆ ಅರುಹುವಂಥವನಾಗು" ಎಂದರು.

"ಗೊತ್ತಿಲ್ಲ ಮರಿಸ್ವಾಮಪ್ನೋರೇ. ಚೀಟಿನೇ ಬರ್ಲಿಲ್ಲ."

ಅವರು ತಲೆ ಕೆರೆದುಕೊಂಡರು. "ಹಿಂಗೆ ಯಾವತ್ತೂ ಆಗಿಲ್ವಲ್ಲಪ್ಪ. ನಿನ್ನ ಈ ಕಡೆ ಅನ್ನಂಗಿಲ್ಲ, ಆ ಕಡೆ ಅನ್ನಂಗಿಲ್ಲ. ನೀರಂತೂ ಬಿಡ್ಲೇಬೇಕು. ತೂಬಿನ ಹತ್ರಾನೇ ಇದ್ಬಿಡು. ಎರಡು ಕಡೆಗೂ ಓಡಾಡ್ಕೊಂಡಿರು. ಮುಂದಿಂದು ಮುಂದೆ ನೋಡೋಣ."

ಹೀಗೆ ನಾನು ಎರಡೂ ದಂಡೆಗೆ ಹೋಗಬಲ್ಲವನಾದೆ, ಎರಡು ದಂಡೆಯವರೂ ನನ್ನನ್ನು ಕಂಡೊಡನೆ ಮಾತು ನಿಲ್ಲಿಸುವಂತಾಯಿತು. ಕಂತು ನೋಡುವುದಕ್ಕೂ ನನಗೊಂದು ಜಾಗವಿರಲಿಲ್ಲ. ನಾಲೆಯ ನಡುವೆ ನೀರಿನುದ್ದಕ್ಕೂ ಗಳು ನೆಟ್ಟು ಬಿಳಿ ಬಟ್ಟೆ ಕಟ್ಟುತ್ತಾರೆ. ಪಡುವಣ ದಂಡೆಯಲ್ಲಿ ಕೂತ ಸ್ಯಾಕ್ಸನ್ನರಿಗೆ ಚಿತ್ರ ನೇರವಾಗಿ ಕಾಣುತ್ತದೆ. ಮೂಡಣ ದಂಡೆಯ ಡೇನರಿಗೆ ಬಟ್ಟೆಯ ಹಿಂಬದಿಯಿಂದ ಎಡಬಲ ಅದಲುಬದಲಾಗಿ ಕಾಣುತ್ತದೆ. ಅವರ ಲೆಕ್ಕದಲ್ಲಿ ಎಲ್ಲ ವೀರರೂ ಎಡಗೈಯವರು. ನಾನು ಕೂತ ತೂಬಿನಿಂದ ಬಟ್ಟೆಯ ಅಂಚು ಮಾತ್ರ ಕಾಣುತ್ತಿತ್ತು, ಉಗುರಿನಷ್ಟು ಅಗಲದ ಮಿಣುಕು ಬೆಳಕಿನ ಗೆರೆ. ಕತ್ತಿಗೆ ಕತ್ತಿ ತಾಗುವ ಸದ್ದು ಕೇಳಿಸುತ್ತಿತ್ತು, ಯಾರು ಯಾರನ್ನು ಕಡಿದರೆಂದು ತಿಳಿಯುತ್ತಿರಲಿಲ್ಲ. ಮಾರನೆಯ ದಿನ ವಿಚಾರಿಸಿದರೆ ಈಚೆಯವರು ನಾವು ಗೆದ್ದೆವು ಎನ್ನುತ್ತಿದ್ದರು, ಆಚೆಯವರು ನಾವು ಗೆದ್ದೆವು ಎನ್ನುತ್ತಿದ್ದರು.

ಮೊದಲನೆಯ ಬುಧವಾರ ಗೋದಾಮಿನ ನಲ್ಲಿ ಸೋರುತ್ತಿದೆಯೆಂದು ಹೇಳಿಕಳಿಸಿದ್ದರು. ಸೇತುವೆ ದಾಟಿ ಹೋಗುತ್ತಿದ್ದಂತೆ ಒಳಗಿನಿಂದ ಒಬ್ಬ ಹೆಂಗಸಿನ ದನಿ ಕೇಳಿತು. ತಗಡಿನ ಸೂರು ಅದುರುವಂಥ ದನಿ. "ಈ ಅಕ್ಕಿ ಯಾರ್ರೀ ಆರಿಸಿದ್ದು? ಅನ್ನಕ್ಕಿಂತ ಕಲ್ಲೇ ಜಾಸ್ತಿ! ನಾಳೆಯಿಂದ ಗಂಡಸರು ಅಕ್ಕಿ ಆರಿಸ್ಬೇಕು, ಹೆಂಗಸರು ಸೌದೆ ಒಡೀತೀವಿ. ಆಗಲ್ಲ ಅನ್ನೋರು ಈಗಲೇ ಎದ್ದು ನಿಂತ್ಕೊಳ್ಳಿ!" ಯಾರೂ ಎದ್ದ ಸದ್ದಾಗಲಿಲ್ಲ. ಯಾರಪ್ಪ ಈ ಗಟ್ಟಿಗಿತ್ತಿ ಎಂದುಕೊಂಡು ಒಳಗೆ ಇಣುಕಿದೆ. ಗಾಡಿಯ ಮೂಕಿಯ ಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಸೌಟು ಹಿಡಿದು ನಿಂತಿದ್ದವಳು ಜಲಜಾಕ್ಷಿ.

ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಕಾಲ ಮೇಲೆ ಬಿತ್ತು. ಅದನ್ನು ಎತ್ತಿಕೊಟ್ಟವರು ಹಯಾತ್ ಸಾಬರು. ಸೈಕಲ್ ಅಂಗಡಿಯವರು, ಮೂರು ಸೀಸನ್ನಿನಲ್ಲಿ ಡೇನರ ನಾಯಕರಾಗಿದ್ದವರು. "ಬನ್ನಿ ಕೇಶವಣ್ಣ. ನಾನೀಗ ರಿಟೈರ್ಡು" ಎಂದು ನಕ್ಕರು. "ಡೇನರಲ್ಲಿ ಪದ್ಧತಿ ಗೊತ್ತಲ್ಲ, ಸಭೇಲಿ ಮಾತಾಡ್ಬೇಕು ಅಂದ್ರೆ ಗುರಾಣಿ ಬಡೀಬೇಕು. ನಮ್ಮತ್ರ ಗುರಾಣಿ ಎಲ್ಲಿದೆ, ಊಟದ ತಟ್ಟೆ ಇಟ್ಟಿರ್ತೀವಿ. ಭಾನುವಾರ ಯಾರೂ ಏಳ್ಲಿಲ್ಲ. ಸ್ವಲ್ಪ ಹೊತ್ತಾದ್ಮೇಲೆ ನಿಮ್ಮನೆಯೋರು ಎದ್ದು ತಟ್ಟೆಗೆ ಒಂದು ಬಿಟ್ರು ನೋಡಿ. ಆಮೇಲೆ ನಿಲ್ಸೇ ಇಲ್ಲ. ಇವರು ಇಷ್ಟು ಮಾತಾಡ್ತಾರೆ ಅಂತ ನೀವು ಒಂದಿನಾನೂ ಹೇಳಿರಲಿಲ್ವಲ್ಲ?"

ನನಗೇ ಗೊತ್ತಿರಲಿಲ್ಲ.

ಅವಳು ಕೆಳಗಿಳಿದು ಬಂದಾಗ ಅದೇ ಮುಖ, ಅದೇ ಹಣೆಯ ಕುಂಕುಮ. "ಮನೇಲಿ ಊಟ?" ಎಂದಳು. ನನ್ನೊಬ್ಬನೊಡನೆ ಮಾತಾಡುವಾಗಲೂ ದನಿ ಇಳಿದಿರಲಿಲ್ಲ.

"ಮಾಡ್ಕೋತಿದೀನಿ. ಯಾಕೆ ಇಷ್ಟು ಜೋರಾಗಿ ಮಾತಾಡ್ತೀಯ?"

"ಮುನ್ನೂರು ಜನ ಇದಾರೆ. ಮೆತ್ತಗೆ ಹೇಳಿದ್ರೆ ಯಾರಿಗೆ ಕೇಳ್ಸುತ್ತೆ?"

"ನನ್ನ ಚೀಟಿ ನೀನೇನಾದ್ರೂ ನೋಡಿದ್ಯಾ? ಆವತ್ತು ಬಾಗಿಲು ಸಾರಿಸುವಾಗ?"

"ಇಲ್ಲ" ಎಂದು, ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಸಿಕ್ಕಿದ್ರೆ ಏನ್ ಮಾಡ್ತಿದ್ರಿ?" ಎಂದಳು.

"ಅದರಲ್ಲಿ ಏನು ಬರೆದಿದ್ರೆ ಅದಾಗ್ತಿದ್ದೆ."

"ಹೂಂ. ಅದೇ" ಎಂದು ಒಲೆಯ ಕಡೆ ಹೋದಳು. ಆ 'ಅದೇ' ಎಂದರೇನೆಂದು ನಲ್ಲಿ ಬಿಗಿಮಾಡುತ್ತ ಯೋಚಿಸಿದೆ. ಹೊಳೆಯಲಿಲ್ಲ.

ಮನೆಯಲ್ಲಿ ಅವ್ವ ನನ್ನ ಅಡುಗೆಯನ್ನು ಎರಡು ವಾರ ಸಹಿಸಿದಳು. ಮೂರನೆಯ ವಾರದಿಂದ ತಟ್ಟೆ ತಳ್ಳತೊಡಗಿದಳು. ಗಂಜಿ ಕೊಟ್ಟರೆ ಎರಡು ಗುಟುಕು, ಅಷ್ಟೇ. ಬೆಳಿಗ್ಗೆ ಎದ್ದರೆ ಕೋಲು ಊರಿಕೊಂಡು ನಾಲೆಯ ದಂಡೆಗೆ ಹೋಗಿ ಕೂರುವಳು. ಭಾನುವಾರ ಕಂತು ನಡೆಯುವಾಗಲೂ ಅವಳು ಬಟ್ಟೆಯತ್ತ ನೋಡುತ್ತಿರಲಿಲ್ಲವೆಂದು ಮರಿಸ್ವಾಮಪ್ಪನವರು ಹೇಳಿದರು. ಕಣ್ಣು ಮುಚ್ಚಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಆಚೆ ದಂಡೆಯ ಗದ್ದಲವನ್ನೇ ಆಲಿಸುತ್ತಿದ್ದಳಂತೆ. ಸೊಸೆಯ ಮೇಲಿನ ಸಿಟ್ಟು ಹೊಟ್ಟೆಗಿಳಿದು ಹೀಗಾಗಿದೆಯೆಂದು ನಾನು ತಿಳಿದೆ. ಎಂಬತ್ತರ ಮುದುಕಿ. ಐದನೆಯ ವಾರದ ಹೊತ್ತಿಗೆ ಕೈಬಳೆ ಮೊಣಕೈವರೆಗೂ ಜಾರುವ ಹಾಗಾಗಿದ್ದಳು. ಭಯವಾಗಿ ಗೋದಾಮಿಗೆ ಓಡಿದೆ.

ಜಲಜಾಕ್ಷಿ ಐದಾರು ಹೆಂಗಸರೊಂದಿಗೆ ಸೌದೆ ಒಡೆಯುತ್ತಿದ್ದಳು. "ಅವ್ವ ಊಟ ಬಿಟ್ಟಿದಾಳೆ. ನೀನು ಒಂದು ಸಲ ಬಂದು ಹೋಗು" ಎಂದೆ.

ಅವಳು ಕೊಡಲಿ ಇಳಿಸಿದಳು. "ಅತ್ತೆ ಕರೀತಿದಾರಾ? ನೀವು ಕರೀತಿದೀರಾ?"

"ಊಟ ಬಿಟ್ಟಿದಾಳೆ ಅಂದ್ನಲ್ಲ."

"ನಾನು ಕೇಳಿದ್ದು ಅದಲ್ಲ."

ಏನು ಕೇಳಿದ್ದಳೆಂದು ಮತ್ತೆ ನೆನೆಸಿಕೊಂಡೆ. ಅವ್ವ ಬಾಯಿಬಿಟ್ಟು ಕರೆದಿರಲಿಲ್ಲ. ನಾನು ಕರೆಯುತ್ತಿದ್ದೇನೆಯೇ? ಅವ್ವನಿಗಾಗಿ ಕರೆಯುವುದು ನಾನು ಕರೆದಂತೆಯೇ ಅಲ್ಲವೆ? ನಾನು ನಿಂತೇ ಇದ್ದುದನ್ನು ನೋಡಿ ಅವಳು, "ಬರಲ್ಲ. ಬಂದ್ರೆ ಒತ್ತೆಯಾಳಾಗ್ತೀನಿ. ಇಲ್ಲಿ ಮುನ್ನೂರು ಜನದ ಊಟ ಯಾರು ನೋಡ್ತಾರೆ?" ಎಂದು ಕೊಡಲಿ ಎತ್ತಿದಳು. ಅವಳ ಕಣ್ಣಲ್ಲಿ ನೀರಿತ್ತೋ ಬೆವರೋ ಎಂಬುದೂ ನನಗೆ ಸ್ಪಷ್ಟವಾಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅವ್ವ ತಾನಾಗಿಯೇ ತಲೆ ಬಾಚಿಕೊಂಡು, ಅದುವರೆಗೂ ಮಡಿಕೆ ಬಿಡಿಸಿರದ ಸೀರೆಯುಟ್ಟು, ಜಗಲಿಯ ಮೇಲೆ ಕೂತಿದ್ದಳು. "ಎತ್ಕೊಳ್ಳೋ ನನ್ನ" ಎಂದಳು.

"ಎಲ್ಲಿಗವ್ವ?"

"ಆಚೆಗೆ. ಅವಳತ್ರ."

"ಹಿಡ್ಕೋತಾರೆ ಅವ್ವ. ವಾಪಸ್ಸು ಬರಕ್ಕಾಗಲ್ಲ!"

"ಏನಂದೆ?" ಎಂದಳು. ಮತ್ತೆ ಹೇಳುವಷ್ಟರಲ್ಲಿ ಕೈ ಎರಡೂ ಚಾಚಿದ್ದಳು.

ಬೆನ್ನ ಮೇಲೆ ಹೊತ್ತುಕೊಂಡು ನಡೆದೆ. ಹಕ್ಕಿಯಷ್ಟೂ ಭಾರವಿರಲಿಲ್ಲ. ಸೇತುವೆಯ ಬಳಿ ಮರಿಸ್ವಾಮಪ್ಪನವರು ಕೈ ಅಡ್ಡ ಹಿಡಿದರು. ಹಿಂದೆ ಹತ್ತಿಪ್ಪತ್ತು ಸ್ಯಾಕ್ಸನ್ನರು ಬಂದು ಸೇರಿದರು. "ತಾಯೀ, ಇದು ಶತ್ರುಗಳ ಸೀಮೆ. ಇಲ್ಲಿಂದ ಮುಂದಕ್ಕೆ ಅಡಿಯಿಡಲಾಗದು" ಎಂದರು. ಅವ್ವ ನನ್ನ ಭುಜದ ಮೇಲಿಂದ ಬಗ್ಗಿ, "ಅಡಿ ನಾನೆಲ್ಲಿ ಇಡ್ತಿದೀನಿ ಮರಿಸ್ವಾಮಿ? ಇಡ್ತಿರೋನು ಇವನು. ಇವನಿಗೆ ಚೀಟಿನೇ ಇಲ್ವಲ್ಲ" ಎಂದಳು. ಮರಿಸ್ವಾಮಪ್ಪನವರು ಹಿಂದೆ ತಿರುಗಿ ತಮ್ಮವರ ಮುಖ ನೋಡಿದರು. ಕೈ ಕೆಳಗಿಳಿಸಿದರು.

ಆ ತುದಿಯಲ್ಲಿ ಡೇನರು ಗುಂಪುಗೂಡಿದ್ದರು. ಮುಂದೆ ಜಲಜಾಕ್ಷಿ. ಸೀಸನ್ನಿನ ನಿಯಮದಂತೆ ಅವಳು ಕೂಗಿ ಕೇಳಲೇಬೇಕಾಗಿತ್ತು. "ಯಾರದು ಬರ್ತಿರೋದು?"

"ನಾನು ಕಣೇ, ನಿಮ್ಮತ್ತೆ!" ಎಂದು ಅವ್ವ ನನ್ನ ಕಿವಿಯ ಪಕ್ಕದಲ್ಲೇ ಕಿರುಚಿದಳು.

ಇಪ್ಪತ್ತೇಳು ವರ್ಷದಲ್ಲಿ ಸೊಸೆ ಕೇಳಿದ್ದಕ್ಕೆ ಅತ್ತೆ ಹೀಗೆ ಪಟ್ಟನೆ ಉತ್ತರ ಕೊಟ್ಟದ್ದನ್ನು ನಾನು ಕೇಳಿರಲಿಲ್ಲ. ಅವ್ವನನ್ನು ಕೆಳಗಿಳಿಸಿದೆ. ಅವಳು ಕೋಲೂರಿ ಜಲಜಾಕ್ಷಿಯ ಎದುರಿಗೆ ಹೋಗಿ ನಿಂತು, "ನಿನ್ನ ದನಿ ಆ ದಂಡೆವರೆಗೂ ಬರುತ್ತೆ ಕಣೇ. ಅಕ್ಕಿಲಿ ಕಲ್ಲು ಅಂದಿದ್ದು ಕೇಳ್ತು. ಸೌದೆ ಹಸಿ ಅಂದಿದ್ದು ಕೇಳ್ತು. ನನ್ನ ಮನೇಲಿ ಯಾಕೆ ಒಂದು ದಿನಾನೂ ಹಿಂಗೆ ಮಾತಾಡ್ಲಿಲ್ಲ?" ಎಂದಳು.

"ಮಾತಾಡ್ತಿದ್ದೆ ಅತ್ತೆ. ದಿನಾ ಮಾತಾಡ್ತಿದ್ದೆ. ನೀವೇ ಮುಖ ತಿರುಗಿಸ್ಕೊಂಡು ಹೋಗ್ತಿದ್ರಿ."

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಸೇತುವೆಯ ಎರಡು ಕಡೆಯ ಜನವೂ ನೋಡುತ್ತಿತ್ತು. "ನನಗೆ ಕಿವಿ ಮಂದ ಕಣೇ" ಎಂದಳು. "ನೀನು ಬರೋದಕ್ಕೆ ಮೊದಲಿಂದಾನೂ. ಗಟ್ಟಿಯಾಗಿ ಅಂದ್ರೆ ಕೇಳ್ತಿತ್ತು, ಮೆತ್ತಗೆ ಅಂದ್ರೆ ಇಲ್ಲ. ಹೇಳ್ಕೊಂಡ್ರೆ ಕಿವುಡಿ ಅಂತ ಮೂಲೇಲಿ ಕೂರಿಸ್ತೀರ ಅಂತ ಸುಮ್ನಿದ್ದೆ. ನೀನು ತುಟಿ ಆಡಿಸೋದು ಕಾಣ್ತಿತ್ತು. ನನ್ನ ಬೈಕೋತಿದಾಳೆ ಅಂದ್ಕೋತಿದ್ದೆ."

ನಾನು ಅವಳ ಮಗ. ಐವತ್ತೆರಡು ವರ್ಷ ಅವಳ ಜೊತೆಗೆ ಬದುಕಿದವನು. ನನಗೆ ಗೊತ್ತೇ ಇರಲಿಲ್ಲ. ಅವಳೊಡನೆ ಮಾತಾಡುವಾಗ ನಾನು ಸಣ್ಣಂದಿನಿಂದಲೂ ದನಿ ಎತ್ತಿಯೇ ಮಾತಾಡುತ್ತಿದ್ದೆ ಎನ್ನುವುದು ಅಲ್ಲಿ ನಿಂತಾಗ ನೆನಪಾಯಿತು. ಯಾಕೆ ಹಾಗೆ ಎಂದು ಒಂದು ಸಲವೂ ಕೇಳಿಕೊಂಡವನಲ್ಲ.

ಹಯಾತ್ ಸಾಬರು ಮೆಲ್ಲಗೆ ಕೆಮ್ಮಿ, "ಅಕ್ಕಾ, ಸ್ಯಾಕ್ಸನ್ ಕಡೆಯೋರು ದಾಟಿದಾರೆ. ಏನು ಮಾಡೋಣ, ನೀವೇ ಹೇಳ್ಬೇಕು" ಎಂದರು. ಜಲಜಾಕ್ಷಿ ಕಣ್ಣೊರೆಸಿಕೊಂಡು ಇಡೀ ನಾಲೆಗೆ ಕೇಳುವಂತೆ, "ಒತ್ತೆ ಇಟ್ಕೋತೀವಿ. ಬದಲಿಗೆ ಒಬ್ಬರನ್ನ ಕೊಟ್ಟರೆ ಬಿಡ್ತೀವಿ" ಎಂದಳು. ಅವ್ವ ಸೊಸೆಯ ತೋಳು ಹಿಡಿದುಕೊಂಡು ಗೋದಾಮಿನೊಳಗೆ ಹೋದಳು. ಹಿಂತಿರುಗಿ ನೋಡಲಿಲ್ಲ. ಅಂದು ಮಧ್ಯಾಹ್ನ ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳಂತೆ.

ನಾನು ಖಾಲಿ ಮನೆಗೆ ಬಂದೆ. ಮರಿಸ್ವಾಮಪ್ಪನವರು ಸಭೆ ಸೇರಿಸಿ ಅವ್ವನ ಬದಲಿಗೆ ಯಾರನ್ನು ಕಳಿಸುವುದೆಂದು ಕೇಳಿದಾಗ ನಾನೇ ಹೋಗುತ್ತೇನೆ ಎಂದೆ. ಅವರು ಪೇಚಾಡಿಕೊಂಡರು. "ಬೇಜಾರು ಮಾಡ್ಕೋಬೇಡ ಕೇಶವ. ನೀನು ನಮ್ಮೋನು ಅಂತ ಆದ್ರೆ ತಾನೆ ಕೊಡೋದು? ನಿನ್ನ ಕೊಟ್ಟರೆ ಕೊಟ್ಟಂಗೂ ಆಗಲ್ಲ, ಅವರು ತಗೊಂಡಂಗೂ ಆಗಲ್ಲ" ಎಂದರು. ನ್ಯಾಯವೇ ಅನ್ನಿಸಿತು. ಬೇರೆ ಯಾರೂ ಹೋಗಲು ಒಪ್ಪಲಿಲ್ಲ, ಅವ್ವ ಅಲ್ಲೇ ಉಳಿದಳು. ಅಂದು ರಾತ್ರಿ ಎರಡು ತಟ್ಟೆ ಹಾಕಿ, ಒಂದನ್ನು ತೆಗೆದಿಟ್ಟು ಉಂಡೆ.

ಅಲ್ಲಿಂದ ಮುಂದಕ್ಕೆ ನಾನು ಗೋದಾಮಿನ ಬಳಿ ಸುಮ್ಮಸುಮ್ಮನೆ ಹೋಗತೊಡಗಿದೆ. ಕೆಡದ ನಲ್ಲಿಯನ್ನು ಬಿಚ್ಚಿ ಜೋಡಿಸುತ್ತ ಹೊರಗೆ ಕೂರುತ್ತಿದ್ದೆ. ಒಳಗೆ ಅತ್ತೆ ಸೊಸೆ ಅಕ್ಕಿ ಆರಿಸುತ್ತ ಮಾತಾಡುತ್ತಿದ್ದರು. ಅವ್ವ ತನಗೆ ಕೇಳಿಸದೇ ಹೋದದ್ದನ್ನೆಲ್ಲ ವರ್ಷವಾರು ತಿರುಗಿ ಹೇಳಿಸಿಕೊಳ್ಳುತ್ತಿದ್ದಳು. "ಮದುವೆಯಾಗಿ ಬಂದ ದಿನ ದೇವರ ಮನೆ ಬಾಗಿಲಲ್ಲಿ ಏನೋ ಅಂದೆಯಲ್ಲ, ಏನದು?" "ನೀರು ಕುಡೀಬಹುದಾ ಅಂತ ಕೇಳ್ದೆ ಅತ್ತೆ." "ಅಯ್ಯೋ, ಅದಕ್ಕೆ ನಾನು ಏನಂದೆ?" "ನೀವು ದೀಪ ಸರಿ ಮಾಡ್ಕೊಂಡು ಹೋದ್ರಿ." ಇಬ್ಬರೂ ನಗುತ್ತಿದ್ದರು. "ನಿಮ್ಮಪ್ಪ ತೀರ್ಕೊಂಡಾಗ?" "ಉಟ್ಟ ಸೀರೇಲೇ ಹೋಗ್ಲಾ ಅಂದೆ." ಹೀಗೆ ಒಂದೊಂದೇ. ಏಳನೆಯ ವಾರ, ಎಂಟನೆಯ ವಾರ ಇದೇ ನಡೆಯಿತು. ಆ ನಗುವಿನಲ್ಲಿ ನನಗೂ ಒಂದು ಪಾಲಿದೆಯೋ ಇಲ್ಲವೋ ತಿಳಿಯದೆ ನಾನೂ ಹೊರಗೆ ಕೂತು ಒಮ್ಮೊಮ್ಮೆ ನಗುತ್ತಿದ್ದೆ.

ಒಂಬತ್ತನೆಯ ವಾರದ ಒಂದು ಮಧ್ಯಾಹ್ನ ನಗು ಕೇಳಿಸಲಿಲ್ಲ. ಜಲಜಾಕ್ಷಿ ಹೇಳುತ್ತಿದ್ದಳು: "ಮಗು ಹೋದಾಗ."

ನಮಗೊಂದು ಹೆಣ್ಣು ಮಗು ಹುಟ್ಟಿ ಒಂಬತ್ತು ದಿನ ಇತ್ತು. ಮದುವೆಯಾದ ಮೂರನೆಯ ವರ್ಷ. ಆಮೇಲೆ ಮಕ್ಕಳಾಗಲಿಲ್ಲ.

"ನಾನು ನಡುಮನೇಲಿ ಚಾಪೆ ಮೇಲಿದ್ದೆ. ನೀವು ಬಿಸಿನೀರು ಇಟ್ಟು ಎದ್ರಿ. ಅತ್ತೆ, ನನ್ನ ಪಕ್ಕ ಒಂದು ಗಳಿಗೆ ಕೂತ್ಕೊಳ್ಳಿ ಅಂದೆ. ನೀವು ಅಡುಗೆಮನೆಗೆ ಹೋದ್ರಿ."

ಅಕ್ಕಿ ಆರಿಸುವ ಸದ್ದು ನಿಂತಿತು. ಆಮೇಲೆ ಅವ್ವನ ದನಿ, ತನಗೇ ಕೇಳಿಸದಷ್ಟು ಸಣ್ಣಗೆ: "ನನಗೆ ಕೇಳ್ಲಿಲ್ಲ ಮಗಳೇ. ಬಾಣಂತಿ ಮಲಗ್ಲಿ ಅಂತ ಹೋದೆ. ಕೇಳ್ಲಿಲ್ಲ ನನಗೆ."

ನಾನು ಕೈಯಲ್ಲಿದ್ದ ನಲ್ಲಿಯನ್ನು ನೆಲದ ಮೇಲಿಟ್ಟೆ. ಆ ದಿನ ನಾನು ನಡುಮನೆಯ ಬಾಗಿಲಲ್ಲೇ ನಿಂತಿದ್ದೆ. ನನಗೆ ಕೇಳಿಸಿತ್ತು. ಅವ್ವ ಎದ್ದು ಹೋದದ್ದನ್ನೂ ಕಂಡಿದ್ದೆ. ಅವ್ವನಿಗೆ ಸಿಟ್ಟಿರಬೇಕು, ಇವಳಿಗೆ ದುಃಖವಿದೆ, ನಡುವೆ ನಾನೇನು ಹೇಳಲಿ ಎಂದುಕೊಂಡು, ಚಪ್ಪಲಿ ಮೆಟ್ಟಿಕೊಂಡು ತೂಬಿನ ಬಾಗಿಲು ಇಳಿಸಲು ಹೋಗಿದ್ದೆ. ಇಪ್ಪತ್ತನಾಲ್ಕು ವರ್ಷದ ಹಿಂದಿನ ಮಾತು. ಜಲಜಾಕ್ಷಿಗೆ ನಾನು ಬಾಗಿಲಲ್ಲಿದ್ದದ್ದು ಕಂಡಿತ್ತೇ? ಅವಳು ಎಂದೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅವಳ ದನಿ ಯಾವಾಗ ಅಷ್ಟು ಮೆತ್ತಗಾಯಿತು, ಮದುವೆಗೆ ಮೊದಲಿನಿಂದಲೋ ಅಂದಿನಿಂದಲೋ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ಹತ್ತನೆಯ ಭಾನುವಾರ ಬಂತು. ಕೊನೆಯ ಕಂತು. ನಾನು ಎಂದಿನಂತೆ ತೂಬಿನ ಮೇಲೆ ಕೂತು ಬೆಳಕಿನ ಗೆರೆ ನೋಡುತ್ತಿದ್ದೆ. ಕುದುರೆಗಳ ಖುರಪುಟ, ಗಾಳಿ, ಒಂದು ಉದ್ದನೆಯ ಕೊಂಬಿನ ಧ್ವನಿ. ಆಮೇಲೆ ಥಟ್ಟನೆ ಬೆಳಕು ಆರಿತು. ಎರಡು ದಂಡೆಯಲ್ಲೂ ಗೆದ್ದವರ ಕೇಕೆಯಿಲ್ಲ, ಸೋತವರ ಗೊಣಗಾಟವಿಲ್ಲ. ಸ್ವಲ್ಪ ಹೊತ್ತಿಗೆ ಪಡುವಲಿಂದ ಮರಿಸ್ವಾಮಪ್ಪನವರೂ ಮೂಡಲಿಂದ ಹಯಾತ್ ಸಾಬರೂ ಲಾಟೀನು ಹಿಡಿದು ನನ್ನ ಬಳಿಗೆ ಬಂದರು.

"ನಿಮಗೇನಾದ್ರೂ ಕಾಣ್ತಾ ಕೇಶವಣ್ಣ?" ಎಂದರು ಹಯಾತ್ ಸಾಬರು. "ಮಂಜಿನಲ್ಲಿ ಎರಡು ಸೈನ್ಯ ಎದುರಾಬದುರಾ ನಿಂತ್ಕೊಂಡ್ವು, ಕೊಂಬು ಊದಿದ್ರು, ಅಷ್ಟೇ. ಮುಗೀತು."

"ಯಾರು ಗೆದ್ರು?" ಎಂದೆ.

"ಯಾರಿಗಪ್ಪ ಗೊತ್ತು?" ಎಂದರು ಮರಿಸ್ವಾಮಪ್ಪನವರು. ನಾಟಕದ ಭಾಷೆ ಅವರಿಗೆ ಮರೆತೇ ಹೋಗಿತ್ತು. "ಯುದ್ಧವೇ ಮುಗಿದಿಲ್ಲ ಅಂದ್ಮೇಲೆ ಸೀಸನ್ನು ಮುಗಿದಂಗಾ? ನಾಳೆ ಜನ ಮನೆಗೆ ಬರ್ಬೇಕಾ ಬೇಡ್ವಾ? ನೀನು ಪಕ್ಕದಿಂದ ನೋಡೋನಲ್ವಾ, ನಿನಗೇನಾದ್ರೂ ಬೇರೆ ಥರ ಕಂಡಿರ್ಬೇಕು ಅಂತ ಬಂದೆ."

"ನನಗೆ ಬಟ್ಟೆ ಅಂಚು ಬಿಟ್ಟು ಏನೂ ಕಾಣಲ್ಲ ಸ್ವಾಮಿ" ಎಂದೆ.

ಸೋಮವಾರ ಯಾರೂ ಸೇತುವೆ ದಾಟಲಿಲ್ಲ. ಎರಡು ದಂಡೆಯಲ್ಲೂ ಜನ ನಿಂತು ಎದುರು ದಂಡೆಯ ತಮ್ಮವರನ್ನು ನೋಡಿದರು. ಹೆಂಡತಿಯರು ಗಂಡಂದಿರಿಗೆ ಕೈ ಮಾಡಿದರು. ಮಂಗಳವಾರ ಒಬ್ಬ ಮೇಷ್ಟರು ಶಾಲೆಗೆ ಹೊತ್ತಾಯಿತೆಂದು ತಲೆ ತಗ್ಗಿಸಿಕೊಂಡು ಸರಸರನೆ ದಾಟಿಬಿಟ್ಟರು. ಯಾರೂ ಹಿಡಿಯಲಿಲ್ಲ. ಆಮೇಲೆ ಹಲ್ಲುನೋವಿನವನೊಬ್ಬ, ಹಸು ಈಯಬೇಕಾಗಿದ್ದವಳೊಬ್ಬಳು. ಗುರುವಾರದ ಹೊತ್ತಿಗೆ ಹೆಚ್ಚಿನವರು ಬಂದಾಗಿತ್ತು. ನಮ್ಮ ಮನೆಯವರು ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಗೋದಾಮಿಗೆ ಹೋದೆ. ಕೈಯಲ್ಲಿ ಸ್ಪ್ಯಾನರ್ ಇರಲಿಲ್ಲ. ಒಳಗೆ ಇಪ್ಪತ್ತೋ ಇಪ್ಪತ್ತೈದೋ ಜನ ಉಳಿದಿದ್ದರು. ಉಳಿದ ಅಕ್ಕಿ ಬೇಳೆಯನ್ನು ಏನು ಮಾಡುವುದೆಂಬ ಸಭೆ ನಡೆಯುತ್ತಿತ್ತು. ಅವ್ವ ಗೋಡೆಗೊರಗಿ ಕೂತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ನಾನು ಜಲಜಾಕ್ಷಿಯ ಹತ್ತಿರ ಹೋಗಿ, "ನಿನ್ನ ಹತ್ರ ಒಂದು ಮಾತು" ಎಂದೆ.

"ಸಭೆ ನಡೀತಿದೆ. ಮಾತಾಡ್ಬೇಕಾದ್ರೆ ತಟ್ಟೆ ಬಡೀರಿ" ಎಂದಳು. ತಮಾಷೆ ಮಾಡುತ್ತಿದ್ದಾಳೇನೋ ಎಂದು ಮುಖ ನೋಡಿದೆ. ತಮಾಷೆಯಲ್ಲ.

ಸೌಟು ತೆಗೆದುಕೊಂಡು ತಟ್ಟೆಗೆ ಹೊಡೆದೆ. ಪೆಟ್ಟು ಸರಿಯಾಗಿ ಬೀಳದೆ ಕಿಣ್ ಎಂದು ಸಣ್ಣಗೆ ಸದ್ದಾಯಿತು. ಎಲ್ಲರೂ ತಿರುಗಿದರು. ಏನು ಹೇಳಲು ಬಂದೆನೆಂದು ನನಗೆ ಆ ಗಳಿಗೆಯವರೆಗೂ ತಿಳಿದಿರಲಿಲ್ಲ. ಮನೆಗೆ ಬನ್ನಿ ಎನ್ನಲು ಬಂದಿದ್ದೆನೇ? ಬಾಯಿ ತೆರೆದಾಗ ಬಂದದ್ದು ಬೇರೆ. "ಆವತ್ತು ನನಗೆ ಕೇಳಿಸಿತ್ತು" ಎಂದೆ.

ಹಯಾತ್ ಸಾಬರು ಪಕ್ಕದವರ ಮುಖ ನೋಡಿದರು. ಯಾವತ್ತು, ಏನು ಕೇಳಿಸಿತ್ತು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಜಲಜಾಕ್ಷಿಗೆ ಗೊತ್ತಾಯಿತು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ಗೊತ್ತಿತ್ತು" ಎಂದಳು. "ಬಾಗಿಲಲ್ಲಿ ನಿಮ್ಮ ಕಾಲು ಕಾಣ್ತಿತ್ತು."

ನಾನು ಸೌಟು ಕೆಳಗಿಡಲು ಹೋದೆ. "ಇಡ್ಬೇಡಿ" ಎಂದಳು. "ಅತ್ತೆಗೆ ಕೇಳ್ಸಿಲ್ಲ. ಗಟ್ಟಿಯಾಗಿ ಹೇಳಿ."

ಅವ್ವ ತಲೆ ಒಂದು ಪಕ್ಕಕ್ಕೆ ವಾಲಿಸಿ ನನ್ನ ತುಟಿ ನೋಡುತ್ತಿದ್ದಳು. ನಾನು ಉಸಿರೆಳೆದುಕೊಂಡು ಕೂಗಿದೆ. "ಅವ್ವಾ, ಮಗು ಹೋದಾಗ ಜಲಜಾ ನಿನ್ನನ್ನ ಪಕ್ಕದಲ್ಲಿ ಕೂರು ಅಂತ ಕರೆದದ್ದು ನನಗೆ ಕೇಳಿಸಿತ್ತು. ನಿನಗೆ ನಾನು ಹೇಳ್ಲಿಲ್ಲ. ಅವಳ ಪಕ್ಕ ನಾನೂ ಕೂರಲಿಲ್ಲ. ತೂಬಿಗೆ ಹೋದೆ."

ತಗಡಿನ ಸೂರಿನಲ್ಲಿ ನನ್ನ ದನಿ ಒಂದಿಷ್ಟು ಹೊತ್ತು ಗುಂಯ್ ಎಂದಿತು. ನನಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಅವ್ವ ಕೋಲನ್ನು ನೆಲಕ್ಕೆ ಕುಟ್ಟಿದಳು. "ಯಾಕೋ ಹೇಳ್ಲಿಲ್ಲ ನನಗೆ?"

"ಗೊತ್ತಿಲ್ಲ ಅವ್ವ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಅವ್ವ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಜಲಜಾಕ್ಷಿ ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ನನ್ನ ಕಡೆ ನೋಡಲಿಲ್ಲ. ಹಯಾತ್ ಸಾಬರು ನನ್ನ ಕೈಯಿಂದ ಸೌಟು ಮೆಲ್ಲಗೆ ಬಿಡಿಸಿಕೊಂಡು, "ನಡೀರಿ ಕೇಶವಣ್ಣ, ಟೀ ಕುಡಿಯೋಣ" ಎಂದು ಹೊರಗೆ ಕರೆದುಕೊಂಡು ಹೋದರು. ಸೈಕಲ್ಲಿನ ಟೈರುಗಳ ವಿಚಾರ ಏನೋ ಹೇಳುತ್ತಿದ್ದರು.

ಆ ದಿನವೂ ಅವರಿಬ್ಬರು ಬರಲಿಲ್ಲ. ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ತೂಬಿನ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ಸೇತುವೆಯ ಮೇಲೆ ಜೋರು ಜೋರು ಮಾತು ಕೇಳಿತು. ಅವ್ವ ಕೋಲು ಊರಿಕೊಂಡು ನಡೆಯುತ್ತಿದ್ದಳು. ಪಕ್ಕದಲ್ಲಿ ಗಂಟು ಹೊತ್ತ ಜಲಜಾಕ್ಷಿ. "ಮನೇಲಿ ಆ ಕಬ್ಬಿಣದ ಹೆಂಚು ನಾನು ಬಿಸಾಕ್ತೀನಿ ಅತ್ತೆ, ಅದರಲ್ಲಿ ದೋಸೆ ಏಳಲ್ಲ!" "ಅದು ನಮ್ಮತ್ತೆ ಕೊಟ್ಟಿದ್ದು ಕಣೇ, ಬಿಸಾಕು ನೋಡೋಣ!" ಪಡುವಣ ಬೀದಿಯ ಜನ ಬಾಗಿಲಿಗೆ ಬಂದು ನಿಂತಿದ್ದರು. ಜಗಳವೋ ಸಲುಗೆಯೋ ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ನನ್ನ ಬಳಿಗೆ ಬಂದಾಗ ಜಲಜಾಕ್ಷಿ ಗಂಟನ್ನು ನನ್ನ ಕೈಗೆ ಕೊಟ್ಟು ಮುಂದೆ ನಡೆದಳು. ಎಣ್ಣೆಗೈಯಲ್ಲೇ ಹಿಡಿದುಕೊಂಡು ಹಿಂದೆ ಹೊರಟೆ. ಕ್ಷಮಿಸಿದ್ದಾಳೋ, ಬರೀ ಮನೆಗೆ ಬಂದಿದ್ದಾಳೋ? ಕೇಳೋಣವೆಂದುಕೊಂಡೆ. ಮೆತ್ತಗೆ ಕೇಳಿದರೆ ಅವ್ವನಿಗೆ ಕೇಳಿಸುವುದಿಲ್ಲ. ಗಟ್ಟಿಯಾಗಿ ಕೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ. ಬೀದಿಯ ಅಂಗಡಿಯೊಂದರ ಮುಂದೆ, ಮರಿಸ್ವಾಮಪ್ಪನವರು ನೋಡುತ್ತಿರುವಾಗಲೇ, ಗಟ್ಟಿಯಾಗಿ ಕೇಳಿದೆ. "ಜಲಜಾ, ನನ್ನ ಮೇಲೆ ಸಿಟ್ಟು ಹೋಯ್ತಾ?"

ಅವಳು ನಿಂತಳು. ಅವ್ವನೂ ನಿಂತಳು. "ಇನ್ನೂ ಇಲ್ಲ" ಎಂದಳು ಜಲಜಾಕ್ಷಿ, ಬೀದಿಗೆಲ್ಲ ಕೇಳುವ ಹಾಗೆ. "ನಾಳೆ ಮತ್ತೆ ಕೇಳಿ."